ಯಾರೂ ಬೇಡವೆನ್ನದ ಕುಯ್ಲು

ಪಾಪಕ್ಕನಿಗೆ ಮುನಿರತ್ನಮ್ಮನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಡೆದದ್ದನ್ನು ಕೇಳಿ ನೀವು ಪಾಪಕ್ಕನನ್ನು ದೇವತೆ ಮಾಡಿ ಕೂರಿಸುತ್ತೀರಿ, ಅದು ಆಕೆಗೆ ಸುತರಾಂ ಇಷ್ಟವಿಲ್ಲ. ಎರಡು ವರ್ಷದ ಹಿಂದೆ ಡೈರಿಯ ಸಾಲಿನಲ್ಲಿ ಹನ್ನೊಂದು ಜನರ ಎದುರು ಮುನಿರತ್ನಮ್ಮ, ಪಾಪಕ್ಕನ ಹಾಲಿನಲ್ಲಿ ನೀರಿದೆ ಎಂದು ಅಂದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ದೊಡ್ಡಬೆಳವಂಗಲದ ಆಚೆಗಿನ ಆ ಸಣ್ಣ ಊರಿನಲ್ಲಿ ಈಗಲೂ ಮುಯ್ಯಾಳಿನ ರೂಢಿ ಉಂಟು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯಿಲ್ಲ, ಊಟ ಮಾತ್ರ. ರಾಗಿ ಕುಯ್ಯುವ ಮಿಷನ್ ಬಂದಿದೆ ನಿಜ, ಆದರೆ ಪೈರು ನೆಲಕ್ಕೆ ಮಲಗಿದರೆ ಮಿಷನ್ ಕೈ ಚೆಲ್ಲುತ್ತದೆ, ಆಗ ಕುಡುಗೋಲೇ ಗತಿ. ಮೂವತ್ತೈದು ವರ್ಷದಿಂದ ಯಾರ ಹೊಲವೇ ಆಗಲಿ, ಮೊದಲು ಇಳಿಯುವುದು ಪಾಪಕ್ಕ. ಐವತ್ತೆಂಟರಲ್ಲೂ ಆಕೆಯ ಸಾಲು ಮುಂದೆ, ಉಳಿದವರದು ಹಿಂದೆ. ಹಿಂದೆ ಬಿದ್ದವರನ್ನು ಆಕೆ ಬಾಯಿಗೆ ಬಂದಂತೆ ಬೈಯುತ್ತಾಳೆ, ಅವರೂ ನಗುತ್ತಲೇ ಬೈಸಿಕೊಳ್ಳುತ್ತಾರೆ.

ಮುನಿರತ್ನಮ್ಮ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅಪ್ಪನ ಜಮೀನಿನಲ್ಲಿ ತನಗೂ ಭಾಗ ಬೇಕೆಂದು ಅಣ್ಣ ಉಮಾಶಂಕರನ ಮೇಲೆ ಕೋರ್ಟಿಗೆ ಹೋಗಿದ್ದಳು. ಕೇಸು ಮುಗಿಯುವ ತನಕ ಒಂದೆಕರೆ ಉಳುತ್ತ, ಅದರ ಅಂಚಿನ ಶೀಟಿನ ಮನೆಯಲ್ಲಿದ್ದಳು. ಮೊದಲ ಸಲ ಹಾಕಿದ ರಾಗಿ ಚೆನ್ನಾಗಿ ಬಂದಿತ್ತು. ಅವಳ ವರ್ಷದ ಮುದ್ದೆ ಅದೇ. ಮಿಷನ್ ಹೋಗಲು ಉಮಾಶಂಕರ ತನ್ನ ಹೊಲದಲ್ಲಿ ದಾರಿ ಬಿಡಲಿಲ್ಲ. ಎರಡು ವಾರದಿಂದ ಮುಯ್ಯಾಳಿಗೆ ಕರೆದರೂ ಒಬ್ಬರೂ ಬರಲಿಲ್ಲ. ಕೂಲಿಗೆ ಬರುವವರೆಲ್ಲ ಸೋಂಪುರದ ಫ್ಯಾಕ್ಟರಿ ಬಸ್ಸು ಹತ್ತಿದ್ದರು.

ಮಂಗಳವಾರ ಸಂಜೆ ಟಿವಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬಂತು. ಗುರುವಾರದಿಂದ ಮಳೆ. ಹಣ್ಣಾದ ರಾಗಿ ಮೂರು ದಿನ ನೆನೆದರೆ ತೆನೆಯಲ್ಲೇ ಮೊಳೆಯುತ್ತದೆ. ಪಾಪಕ್ಕನ ಸ್ವಂತ ಎರಡೆಕರೆಯ ಕುಯ್ಲು ಬುಧವಾರಕ್ಕೆ ನಿಗದಿಯಾಗಿತ್ತು, ಏಳು ಮುಯ್ಯಾಳು ಒಪ್ಪಿದ್ದರು. ಆದರೆ ಎಮ್ಮೆಗೆ ಹುಲ್ಲು ತರಲು ಹೋದಾಗ ಮುನಿರತ್ನಮ್ಮ ಒಬ್ಬಳೇ ಬಗ್ಗಿ ಕುಯ್ಯುತ್ತಿದ್ದುದನ್ನು ಆಕೆ ನೋಡಿದ್ದಳು. ಒಂದೆಕರೆಯಲ್ಲಿ ನಾಲ್ಕು ಸಾಲು ಮುಗಿದಿತ್ತು. ಆ ನಾಲ್ಕು ಸಾಲು ಮನೆಗೆ ಬಂದ ಮೇಲೂ ಪಾಪಕ್ಕನ ತಲೆಯಿಂದ ಇಳಿಯಲಿಲ್ಲ. ಕರುಣೆಯಲ್ಲ, ಸಿಟ್ಟು. ಹಣ್ಣಾದ ಬೆಳೆಯನ್ನು ನಿಂತು ನೋಡುವ ಊರು ಎಂಥ ಊರು ಎಂಬ ಸಿಟ್ಟು.

ಅವಳ ಹೊಲಕ್ಕೆ ಹೋಗಬೇಡಿ ಎಂದು ಊರಿಗೆ ಹೇಳಿದವರು ಯಾರೆಂದು ಕಂಡುಹಿಡಿದು ಮುಖಕ್ಕೆ ಉಗಿಯಲು ಆಕೆ ಆಗಲೇ ಹೊರಟಳು. ಗಂಡ ಚಿಕ್ಕಬೀರಪ್ಪ, ಊರವರನ್ನು ಎದುರು ಹಾಕಿಕೊಂಡರೆ ನಾಳೆ ನಮ್ಮ ಹೊಲಕ್ಕೆ ಯಾರೂ ಬರುವುದಿಲ್ಲ ಎಂದು ಹಿಂದಿನಿಂದ ಕೂಗುತ್ತಲೇ ಇದ್ದ.

ಮೊದಲು ಪಕ್ಕದ ಮನೆಯ ಅಮ್ಮಯಮ್ಮ. ತನಗೇನೂ ಇಲ್ಲ, ಚಿಕ್ಕವೆಂಕಟಪ್ಪನ ಮನೆಯವರು ಹೋಗುವುದಿಲ್ಲವಂತೆ, ಅದಕ್ಕೇ ಸುಮ್ಮನಾದೆ ಎಂದಳು. ಚಿಕ್ಕವೆಂಕಟಪ್ಪನನ್ನು ಕೇಳಿದರೆ, ತನಗೂ ಏನೂ ಇಲ್ಲ, ಉಮಾಶಂಕರ ಬೇಜಾರು ಮಾಡಿಕೊಳ್ಳುತ್ತಾನಲ್ಲ ಎಂದ. ಸರಿ, ಉಮಾಶಂಕರನೇ ಎಂದುಕೊಂಡು ಪಾಪಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಜಗಲಿಯ ಮುಂದೆ ನಿಂತಳು.

ಅವನು ಕಾಫಿ ಲೋಟ ಕೆಳಗಿಟ್ಟು ಹೇಳಿದ: "ಮಿಷನ್‌ಗೆ ದಾರಿ ಬಿಡ್ಲಿಲ್ಲ, ಅದು ನಿಜ ಕಣಕ್ಕ, ಅದು ನನ್ ಹೊಲ. ಆಳು ಹೋಗ್ಬೇಡಿ ಅಂತ ಯಾರಿಗೂ ಹೇಳಿಲ್ಲ. ಊರೋರೇ ಹೋಗ್ಲಿಲ್ಲ. ಊರು ನನ್ ಕಡೆಗೈತೆ ಅಂದ್ಕೊಂಡೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ಲೆಕ್ಕ ಕೂಡದೆ ಆಕೆ ಮತ್ತೆ ಅಮ್ಮಯಮ್ಮನ ಬಾಗಿಲಿಗೆ ಬಂದಳು. ಯಾರೂ ಹೇಳದಿದ್ದರೆ ಇದು ಶುರುವಾದದ್ದಾದರೂ ಎಲ್ಲಿ ಎಂದು ಗದರಿಸಿ ಕೇಳಿದಳು. ಅಮ್ಮಯಮ್ಮ ಮೊರದಲ್ಲಿದ್ದ ಅವರೆಕಾಯಿಯನ್ನೇ ನೋಡುತ್ತ ಹೇಳಿದಳು:

"ಶ್ರಾವಣದಲ್ಲಿ ಅವಳ ಹೊಲಕ್ಕೆ ಕಳೆ ತೆಗೆಯೋಕೆ ನೀವು ಹೋಗ್ಲಿಲ್ವಲ್ಲಕ್ಕ. ಎಲ್ರ ಹೊಲಕ್ಕೂ ಮೊದ್ಲು ಇಳಿಯೋರು ನೀವು. ಪಾಪಕ್ಕನೇ ಹೋಗಿಲ್ಲ ಅಂದ್ರೆ ಏನೋ ಐತೆ ಅಂತ ನಾವೂ ಬಿಟ್ವಿ."

ಪಾಪಕ್ಕನಿಗೆ ನಾಚಿಕೆಯಾಯಿತು. ಹಾಲಿನ ಮಾತಿನ ಕೋಪಕ್ಕೆ ಆಕೆ ಅಂದು ಮನೆಯಲ್ಲೇ ಕೂತಿದ್ದಳು, ಅಷ್ಟೆ. ಒಬ್ಬಳ ಮುನಿಸನ್ನು ಊರೆಲ್ಲ ಕಟ್ಟಳೆ ಎಂದು ತಿಳಿದುಕೊಂಡಿತ್ತು. ಇದಕ್ಕೆ ಕಾರಣ ಕೋರ್ಟೂ ಅಲ್ಲ, ಅಣ್ಣನೂ ಅಲ್ಲ. ಊರೆಲ್ಲ ಹುಡುಕಿದ ಕಳ್ಳಿ ತಾನೇ ಆಗಿದ್ದಳು.

ಬುಧವಾರ ಬೆಳಗ್ಗೆ ಗಂಡನ ಗೊಣಗಾಟಕ್ಕೆ ಕಿವಿಗೊಡದೆ, ತನ್ನ ಎರಡೆಕರೆಗೆ ಬೆನ್ನು ಹಾಕಿ ಪಾಪಕ್ಕ ಕುಡುಗೋಲು ಹಿಡಿದು ಹೋದಳು. ಬದುವಿನ ಮೇಲೆ ಆಕೆಯನ್ನು ಕಂಡ ಮುನಿರತ್ನಮ್ಮ ನೆಟ್ಟಗಾದಳು. ಅವಳ ಅಂಗೈಗೆ ಬಟ್ಟೆ ಸುತ್ತಿತ್ತು.

"ಅಯ್ಯೋ ಪಾಪ ಅನ್ನೋಕ್ ಬಂದಿದ್ರೆ ಹಂಗೇ ವಾಪಸ್ ಹೋಗಿ," ಎಂದಳು.

"ನಿನ್ನ ಕಂಡ್ರೆ ನಂಗೀಗ್ಲೂ ಆಗಲ್ಲ," ಎಂದಳು ಪಾಪಕ್ಕ. "ಕಳೆಗೆ ನಾನ್ ಬರ್ಲಿಲ್ಲ, ನನ್ ನೋಡಿ ಊರು ಬರ್ಲಿಲ್ಲ. ನಾನ್ ಮಾಡಿದ್ ತಪ್ಪು, ನಾನೇ ಕುಯ್ದು ತೀರಿಸ್ತೀನಿ. ನೀನು ಬೇಡ ಅಂದ್ರೂ ಕುಯ್ತೀನಿ. ಸರಿ ಅತ್ಲಾಗೆ."

ಮುನಿರತ್ನಮ್ಮ ಪಕ್ಕದ ಸಾಲಿಗೆ ಸರಿದು ಜಾಗ ಬಿಟ್ಟಳು. ಇಬ್ಬರೂ ಬಿಸಿಲೇರುವ ತನಕ ಕುಯ್ದರು.

ಒಂಬತ್ತರ ಹೊತ್ತಿಗೆ ಬದುವಿನ ಮೇಲೆ ಅಮ್ಮಯಮ್ಮ ಕಂಡಳು. ಅವಳ ಹಿಂದೆ ಚಿಕ್ಕವೆಂಕಟಪ್ಪ, ಹೆಂಡತಿ, ಇನ್ನೂ ನಾಲ್ವರು. ಪಾಪಕ್ಕನ ಹೊಲಕ್ಕೆಂದು ಹೊರಟ ಕುಡುಗೋಲುಗಳೇ ಇಲ್ಲಿಗೆ ತಿರುಗಿದ್ದವು. ಅಮ್ಮಯಮ್ಮ ನಗುತ್ತ, ನೀವು ಬಂದಿದ್ದೀರಲ್ಲ ಅಕ್ಕ, ಅದಕ್ಕೇ ನಾವೂ ಬಂದೆವು ಎಂದಳು.

ಸಂತೋಷಪಡಬೇಕಾದ ಹೊತ್ತಿಗೆ ಪಾಪಕ್ಕನ ಪಿತ್ತ ನೆತ್ತಿಗೇರಿತು. ಬಿಟ್ಟದ್ದೂ ತನ್ನ ಮುಖ ನೋಡಿ, ಬಂದದ್ದೂ ತನ್ನ ಮುಖ ನೋಡಿ. ನಡುವೆ ಹೊಲದಲ್ಲಿ ನಿಂತ ಹೆಂಗಸನ್ನು ನೋಡಿದವರು ಒಬ್ಬರೂ ಇಲ್ಲ. ಅವಳ ಹೆಸರು ಹಿಡಿದು ಕರೆದವರೂ ಇಲ್ಲ.

"ನನಗೋಸ್ಕರ ಬಂದೋರು ಹಿಂದಕ್ ಹೋಗಿ," ಎಂದಳು ಪಾಪಕ್ಕ, ಕುಡುಗೋಲನ್ನು ಬದುವಿನ ಕಡೆ ಚಾಚಿ. "ನಾನು ನಾಳೆ ಇನ್ಯಾರ್ ಮೇಲೋ ಮುನಿಸ್ಕೊಂತೀನಿ, ಆಗ ಅವ್ರ ಅನ್ನಾನೂ ಕಳೀತೀರಾ? ನನ್ ಬುದ್ಧಿ ಅಷ್ಟು ಒಳ್ಳೇದಲ್ಲ. ಇವಳು ಕರ್ದಿದ್ಲು ಅಂತ ಬಂದೋರು ಮಾತ್ರ ಇಳೀರಿ."

ಬದುವಿನ ಮೇಲಿದ್ದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲು ಹೋಗಿ, ಅದೇ ತಪ್ಪೆಂದು ಹೊಳೆದು ತಲೆ ತಗ್ಗಿಸಿದರು. ಆಗ ಅಮ್ಮಯಮ್ಮ ಚಪ್ಪಲಿ ಬಿಟ್ಟಳು. ಪಾಪಕ್ಕನನ್ನು ದಾಟಿ ಹೋಗಿ, ಎರಡು ವಾರದಿಂದ ಯಾರೂ ಕೇಳದ ಮಾತನ್ನು ಮುನಿರತ್ನಮ್ಮನನ್ನು ಕೇಳಿದಳು:

"ರತ್ನಮ್ಮ, ಎಲ್ಲಿಂದ ಹಿಡೀಲಿ?"