ಹೆಜ್ಜೆಯ ಸುತ್ತ ನೆಟ್ಟ ಕಡ್ಡಿ

ಗೋಪೀನಾಥರು ಅವತ್ತು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೀಗೆ ಬರೆಯುವುದು ತಪ್ಪೆಂದು ಗೊತ್ತಿದೆ. ಆದರೂ ಈಗಲೂ ಅದನ್ನೇ ಹೇಳುತ್ತೇನೆ. ಅವರೆದುರೇ ಹೇಳಿ ಬೈಸಿಕೊಂಡಿದ್ದೇನೆ.

ನಾನು ಸ್ವೀಡನ್ನಿನ ಉಮೆಯೊದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಅವರ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಹೆಂಡತಿ ರಾಜಲಕ್ಷ್ಮಿ ಆಂಟಿ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿ. ಅಂಕಲ್ ವನ್ಯಜೀವಿ ರಕ್ಷಣೆಯ ಅಧಿಕಾರಿ. ಚಳಿಗಾಲವಿಡೀ ಸ್ಕೀ ಕಟ್ಟಿಕೊಂಡು, ಹಿಮದ ಮೇಲಿನ ಹೆಜ್ಜೆ ಹಿಡಿದು ಹೋಗಿ ಯಾವ ಪ್ರಾಣಿ ಎಲ್ಲಿ ಮರಿ ಹಾಕಿದೆಯೆಂದು ಗುರುತಿಸುವುದು, ಕದ್ದು ಕೊಲ್ಲುವವರ ಮೇಲೆ ಕಣ್ಣಿಡುವುದು ಅವರ ಕೆಲಸ. ಕನ್ನಡದವರು ಸೇರಿದ ಯುಗಾದಿಯಲ್ಲಿ ಹುಡುಗರು "ಏನ್ ಅಂಕಲ್, ಇಲ್ಲೂ ಫಾರೆಸ್ಟ್ ಗಾರ್ಡಾ?" ಎಂದು ಕಾಲೆಳೆಯುತ್ತಿದ್ದರು. "ಗಾರ್ಡ್ ಅಲ್ಲಪ್ಪ, ರೇಂಜರ್" ಎಂದು ತಿದ್ದಿ, ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ರೇಂಜರ್ ಆಗಿದ್ದದ್ದೂ ನಿಜ. ಮೈಸೂರು ಕಡೆಯ ಕಾಡಿನಲ್ಲಿ ಹದಿನಾಲ್ಕು ವರ್ಷ. ಕಡವೆ, ಕಾಟಿ ಹೊಡೆದವರ ಮೇಲೆ ಮೂವತ್ತೊಂದು ಕೇಸು ಹಾಕಿದ್ದರು. ಒಂದರಲ್ಲೂ ಶಿಕ್ಷೆಯಾಗಲಿಲ್ಲ. ಸಾಕ್ಷಿಗಳು ಕಟಕಟೆ ಹತ್ತಿದ ಕೂಡಲೇ ಕಂಡದ್ದನ್ನೆಲ್ಲ ಮರೆಯುತ್ತಿದ್ದರು. ತೊಂಬತ್ತಮೂರರಲ್ಲಿ ಆಂಟಿಗೆ ಸ್ವೀಡನ್ನಿನಲ್ಲಿ ಕೆಲಸ ಸಿಕ್ಕಾಗ ರಾಜೀನಾಮೆ ಬಿಸಾಕಿ ಜೊತೆಗೆ ಬಂದರು. ನಾಲ್ಕು ವರ್ಷ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳ ಊಟಕ್ಕೆ ಆಲೂಗಡ್ಡೆ ಸುಲಿಯುತ್ತ ಭಾಷೆ ಕಲಿತರು. ಆಮೇಲೆ ಹೆಜ್ಜೆ ಎಣಿಸುವ ತಾತ್ಕಾಲಿಕ ಕೆಲಸ, ಕೊನೆಗೆ ಕಾಯಂ ನೌಕರಿ.

"ಇಲ್ಲಿ ಜನ ಕೋರ್ಟಲ್ಲಿ ಸುಳ್ಳು ಹೇಳಲ್ಲ ಸಿಂಧೂರ. ಒಂದೇ ಒಂದು ಶಿಕ್ಷೆ ನೋಡ್ಬಿಟ್ಟು ರಿಟೈರ್ ಆಗ್ಬಿಡ್ತೀನಿ" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

೨೦೦೬ರ ಮಾರ್ಚಿನಲ್ಲಿ ಒಂದು ಹೆಣ್ಣು ಯೆರ್ವ್‌ನ ಜಾಡು ಸಿಕ್ಕಿತು. ಯೆರ್ವ್ ಎಂದರೆ ಕರಡಿಯ ಮೈಕಟ್ಟಿನ, ನಾಯಿ ಗಾತ್ರದ ಪ್ರಾಣಿ. ಹಿಮ ತೋಡಿ ಒಳಗೆ ಮರಿ ಹಾಕುತ್ತದೆ. ಮೂರು ದಿನ ಹಿಂಬಾಲಿಸಿ ಬಂಡೆಯಡಿಯ ಗೂಡನ್ನು ಪತ್ತೆ ಮಾಡಿದರು. ಮನೆಗೆ ಬಂದು ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು, ನೆಂಟರ ಮನೆಯ ಬಾಣಂತಿಯ ಸುದ್ದಿ ತಂದವರ ಹಾಗೆ ಹೇಳಿದರು.

"ಎರಡು ಮರಿ ಇರ್ಬೇಕು. ದನಿ ಬೇರೆ ಬೇರೆ ಇತ್ತು."

ಸೊಂಟನೋವಿಂದ ಅವರಿಗೆ ಮತ್ತೆ ಹೋಗಲಾಗಲಿಲ್ಲ. ಹತ್ತು ದಿನದ ಮೇಲೆ ಜೊತೆಗಾರ ಲೆನ್ನಾರ್ಟ್ ಹೋದಾಗ ಗೂಡನ್ನು ಯಾರೋ ಅಗೆದು ಹಾಕಿದ್ದರು. ರಕ್ತ, ಒಂದು ಹಿಡಿ ರೋಮ, ಸ್ನೋ ಸ್ಕೂಟರಿನ ಗುರುತು. ಅಂಕಲ್ ಎರಡು ದಿನ ಊಟ ಮಾಡಲಿಲ್ಲ.

ಪೊಲೀಸರು ಹತ್ತಿರದ ಹಳ್ಳಿಯವನೊಬ್ಬನನ್ನು ಹಿಡಿದರು. ಹೆಪ್ಪುಗಟ್ಟಿದ ಕೆರೆಗೆ ಮೀನು ಹಿಡಿಯಲು ಹೋಗಿದ್ದೆ, ಗೂಡು ಗೀಡು ಗೊತ್ತಿಲ್ಲ ಎಂದ. ಆದರೆ ಗೂಡಿನವರೆಗೆ ಮೂರು ಕಿಲೋಮೀಟರ್ ಉದ್ದಕ್ಕೂ ಅಲ್ಲಲ್ಲಿ ಹಿಮದಲ್ಲಿ ಸ್ಪ್ರೂಸ್ ಮರದ ಕಡ್ಡಿಗಳನ್ನು ದುಂಡಗೆ ನೆಟ್ಟಿತ್ತು. ಅವನ ಸ್ಕೂಟರಿನ ಹಿಂದೆ ಕಟ್ಟಿ ಎಳೆಯುವ ಜಾರುಬಂಡಿಯಲ್ಲೂ ಅದೇ ಮರದ ಕಡ್ಡಿಗಳಿದ್ದವು. ಮಂಜುಗಡ್ಡೆಯ ಮೇಲೆ ಕೂರಲು ಹಾಸಿಕೊಳ್ಳುತ್ತೇನೆ ಎಂದ; ಅಲ್ಲಿ ಎಲ್ಲರೂ ಹಾಸಿಕೊಳ್ಳುತ್ತಾರೆ. ಮೊದಲೊಮ್ಮೆ ಬಂದು ದಾರಿ ಗುರುತು ಮಾಡಿಹೋಗಿ ಆಮೇಲೆ ಬಂದು ಕೊಂದಿದ್ದಾನೆ ಎಂದು ಸರ್ಕಾರಿ ವಕೀಲರು ವಾದ ಹೂಡಿದರು. ಕೇಸು ನಿಂತದ್ದೇ ಆ ಕಡ್ಡಿಗಳ ಮೇಲೆ. ತೊಳೆದಿಟ್ಟ ಬಂಡಿಯಲ್ಲಿ ಬೇರೇನೂ ಸಿಕ್ಕಿರಲಿಲ್ಲ.

ವಿಚಾರಣೆಗೆ ಎರಡು ವಾರವಿರುವಾಗ ಅಂಕಲ್‌ಗೆ ಫೋಟೋಗಳನ್ನು ತೋರಿಸಿದರು. ಮನೆಗೆ ಬಂದವರು ಬೂಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತರು.

"ಕಡ್ಡಿ ನೆಟ್ಟಿದ್ದು ನಾನು" ಎಂದರು.

ಅವರ ಹಳೆಯ ಕಾಡಿನಲ್ಲಿ ಹುಲಿಹೆಜ್ಜೆ ಕಂಡರೆ ಸುತ್ತ ಕಡ್ಡಿ ನೆಡುತ್ತಿದ್ದರಂತೆ, ಸಾಹೇಬರು ಬಂದು ಅಚ್ಚು ತೆಗೆಯುವವರೆಗೆ ಯಾರೂ ತುಳಿಯದಿರಲಿ ಎಂದು. ಇಲ್ಲಿ ಅದಕ್ಕೆ ತದ್ವಿರುದ್ಧ. ಗೂಡಿನ ಜಾಗ ಗುಟ್ಟು, ಕಾಡಿನಲ್ಲಿ ಒಂದು ಗುರುತೂ ಬಿಡಬಾರದು. ಒಳ್ಳೆಯ ಹೆಜ್ಜೆ ಕಂಡಲ್ಲೆಲ್ಲ ಇವರ ಕೈ ತಾನಾಗಿ ಕಡ್ಡಿ ಮುರಿದು ನೆಟ್ಟಿತ್ತು. ವರದಿಯಲ್ಲಿ ಬರೆಯಲು ಅದು ನೆನಪಿನಲ್ಲೇ ಇರಲಿಲ್ಲ. ಆಮೇಲೆ ಬಿದ್ದ ಹಿಮದಲ್ಲಿ ಹೆಜ್ಜೆ ಮುಚ್ಚಿಹೋಗಿ ಕಡ್ಡಿಗಳಷ್ಟೇ ಉಳಿದಿದ್ದವು, ಸ್ಕೂಟರ್ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗಿತ್ತು.

"ಬೇಲಿನೇ ಎದ್ದು ಹೊಲ ಮೇಯ್ತು ನೋಡು ರಾಜಿ. ನಾನೇ ಅವನ್ನ ಬಾಗಿಲವರ್ಗೂ ಕರ್ಕೊಂಡ್ಹೋಗಿದೀನಿ."

"ರೀ, ನೀವೇನು ಬೇಕೂಂತ ಮಾಡಿದ್ರಾ? ಕೊಂದಿದ್ದು ಅವನೇ ತಾನೇ?" ಆಂಟಿ ಕೇಳಿದರು.

"ಅವನೇ. ಸಂಶಯವೇ ಇಲ್ಲ."

"ಮತ್ತೆ ಸುಮ್ನಿರಿ."

ನಾನೂ ದನಿಗೂಡಿಸಿದೆ. "ಅಂಕಲ್, ಕೇಳಿದ್ದಕ್ಕೆ ಮಾತ್ರ ಆನ್ಸರ್ ಮಾಡಿ. ಕಡ್ಡಿ ವಿಷ್ಯ ನಿಮ್ಮನ್ನ ಯಾರೂ ಕೇಳಲ್ಲ."

"ಮೂವತ್ತೊಂದು ಕೇಸಲ್ಲಿ ಸಾಕ್ಷಿಗಳು ಅದನ್ನೇ ತಾನೇ ಮಾಡಿದ್ದು? ಸುಮ್ನಿದ್ರು, ಅಷ್ಟೆ."

ನನಗೆ ರೇಗಿತು. ಸತ್ತ ತಾಯಿ ಮರಿಗಳಿಗೆ ನಿಮ್ಮ ಸತ್ಯದಿಂದ ಏನಾಗಬೇಕು ಎಂದು ಕೇಳಿಬಿಟ್ಟೆ. ಮೇಲೆದ್ದು ನಿಂತು "ಹೋಗು ಕೆಳಗೆ!" ಎಂದು ಗದರಿದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನವೆಂಬರಿನಲ್ಲಿ ವಿಚಾರಣೆ. ಯಾರೂ ಕೇಳದಿದ್ದರೂ ಅವರೇ ಹೇಳಿದರು, ಒಡಕು ಸ್ವೀಡಿಷ್‌ನಲ್ಲಿ, ಕೈಯಲ್ಲಿ ಕಡ್ಡಿ ನೆಡುವುದನ್ನು ಮಾಡಿ ತೋರಿಸುತ್ತ. ಆರೋಪಿಯ ವಕೀಲರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಜೆಯೊಳಗೆ ಖುಲಾಸೆ. ಅಂಕಲ್ ತಾವಾಗಿಯೇ ಕೇಳಿಕೊಂಡು ಕಾಡಿನ ಕೆಲಸ ಬಿಟ್ಟರು. ಕಾರಿಗೆ ಸಿಕ್ಕ ಜಿಂಕೆಗಳ ಬಗ್ಗೆ ಬರುವ ಫೋನು ಎತ್ತುತ್ತ ಮೂರು ವರ್ಷ ಕಳೆದು ನಿವೃತ್ತರಾದರು.

ಖುಲಾಸೆಯ ಸಂಜೆ ಕಾರು ಓಡಿಸಿದವಳು ನಾನು. ಕೋರ್ಟಿನ ಬಾಗಿಲಲ್ಲಿ ಆ ಹಳ್ಳಿಯವನು ನಮ್ಮತ್ತ ಬಂದ. ಟೋಪಿ ತೆಗೆದು, ಅಂಕಲ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದು "ತಕ್" ಎಂದ, ಧನ್ಯವಾದ ಎಂದು. ಅವರು ಕೈ ಕಿತ್ತುಕೊಳ್ಳಲೂ ಇಲ್ಲ. ಕಾರಿನ ಹತ್ತಿರ ಬಂದಮೇಲೆ ಬಗ್ಗಿ ಹಿಮ ತೆಗೆದುಕೊಂಡು ಆ ಕೈಯನ್ನು ಉಜ್ಜಿದರು, ಕೆಂಪಾಗುವವರೆಗೆ ಉಜ್ಜಿದರು. ನಾನು ಸಾಕು ಅಂಕಲ್ ಎಂದೆ.

"ಇಪ್ಪತ್ಮೂರು ವರ್ಷ ಸರ್ವಿಸಲ್ಲಿ ನಂಗೆ ಥ್ಯಾಂಕ್ಸ್ ಹೇಳಿದ್ದು ಇವನೊಬ್ಬನೇ ಕಣಮ್ಮ" ಎಂದರು.