ಕರೆದರೆ ಬರುತ್ತಿದ್ದ ಜಿಂಕೆ

ಆ ದಿನ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಅಷ್ಟೇ ಆಗಿದ್ದರೆ ಬಹುಶಃ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಸಂಜೆ ತಮ್ಮ ಬಂದು ಕೇಳಿದಾಗಲಾದರೂ ನಿಜ ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದಲ್ಲಿ ನನಗೆ ಅಡಿಗೆಯ ಕೆಲಸ. ತಮ್ಮನನ್ನು ಈ ದೇಶಕ್ಕೆ ಕರೆಸಿದ್ದು ನಾನೇ. ನಮ್ಮ ಅರ್ಬಾಬ್, ಅಂದರೆ ಮನೆಯ ಯಜಮಾನರು, ಅಲ್ ಐನ್ ರಸ್ತೆಯಿಂದ ಬಹಳ ಒಳಗೆ ಒಂದು ಮಜ್ರಾ ಇಟ್ಟುಕೊಂಡಿದ್ದರು. ಮಜ್ರಾ ಎಂದರೆ ತೋಟ. ಖರ್ಜೂರದ ಮರಗಳಿದ್ದದ್ದು ಒಂದು ಬದಿಗೆ ಮಾತ್ರ, ಉಳಿದದ್ದೆಲ್ಲ ಎತ್ತರದ ಬೇಲಿ ಹಾಕಿದ ಮರಳು, ಅಲ್ಲಲ್ಲಿ ಗಾಫ್ ಎಂಬ ಮರುಭೂಮಿಯ ಮರಗಳು, ಮರಗಳ ನೆರಳಿನಲ್ಲಿ ಜಿಂಕೆಗಳು. ತಮ್ಮ ಅವುಗಳಿಗೆ ಮೇವು ನೀರು ನೋಡುವ ಕೆಲಸಕ್ಕೆ ಸೇರಿದ. ಮೊದಲ ದಿನವೇ ಫೋನ್ ಮಾಡಿ, "ಅಕ್ಕ, ಇದು ನಮ್ಮ ಊರಿನ ಚುಕ್ಕೆ ಜಿಂಕೆಯೇ ಮಾರಾಯ್ತಿ. ಇದಕ್ಕೆ ಸಹ ವೀಸಾ ಸಿಕ್ಕಿದೆ" ಎಂದು ನಕ್ಕಿದ್ದ.

ಒಂದು ಬೇಸಿಗೆಯಲ್ಲಿ ಅರ್ಬಾಬ್ ಒಂದು ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ತಂದರು. ತಾಯಿ ಅದಕ್ಕೆ ಹಾಲು ಕೊಡುತ್ತಿರಲಿಲ್ಲವಂತೆ. ಮನೆಯ ಮಕ್ಕಳು ಸ್ವಲ್ಪ ದಿನ ಅದರೊಂದಿಗೆ ಫೋಟೋ ತೆಗೆದುಕೊಂಡು ಆಮೇಲೆ ಮರೆತರು. ಮರಿ ನನ್ನ ಪಾಲಿಗೆ ಬಂತು. ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಹಳೆಯ ಟವೆಲ್ ಹಾಸಿ ಮಲಗಿಸಿದೆ, ಮಕ್ಕಳ ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿದೆ. ತಮ್ಮ ದಿನವೂ ಫೋನ್ ಮಾಡುತ್ತಿದ್ದ. ನನ್ನ ಆರೋಗ್ಯ ಕೇಳುವ ಮೊದಲು, ಹಾಲು ಕುಡಿಯಿತಾ, ಭೇದಿ ಉಂಟಾ, ಕಿವಿ ಎತ್ತುತ್ತದಾ ಎಂದು ವಿಚಾರಣೆ. ನನಗೆ ಜ್ವರ ಬಂದಾಗ ಇಷ್ಟು ಕೇಳಿದವನಲ್ಲ ಎಂದು ಗದರಿದರೆ, ನೀನು ಬಾಟಲಿ ಇಲ್ಲದೆ ಕುಡಿಯುತ್ತೀಯಲ್ಲ ಎನ್ನುತ್ತಿದ್ದ.

ನಾವು ಮನೆಯಲ್ಲಿ ತುಳು ಮಾತಾಡುವವರು. ತುಳುವಿನಲ್ಲಿ 'ಬಲ' ಎಂದರೆ 'ಬಾ'. ಊರಿನಲ್ಲಿ ಕರುವನ್ನು ಕರೆಯುವ ಹಾಗೆ ನಾನು ಆ ಮರಿಯನ್ನು "ಬಲ, ಬಲ" ಎಂದು ಕರೆಯುತ್ತಿದ್ದೆ. ಟೈಲ್ಸಿನ ಮೇಲೆ ಕಾಲು ಜಾರಿಸಿಕೊಂಡು ಓಡಿ ಬರುತ್ತಿತ್ತು. ಸ್ವಲ್ಪ ಗಟ್ಟಿಯಾದ ಮೇಲೆ ತಮ್ಮ ಅದನ್ನು ಮಜ್ರಾಕ್ಕೆ ಕೊಂಡುಹೋದ. ಪಿಕಪ್ಪಿನ ಹಿಂದೆ ಹಾಕಲು ಮನಸ್ಸಾಗದೆ ಮುಂದಿನ ಸೀಟಿನಲ್ಲೇ ಕೂರಿಸಿ, ಎಸಿ ಹಾಕಿ, ಸಂಬಂಧಿಕರನ್ನು ಏರ್‌ಪೋರ್ಟಿನಿಂದ ಕರೆತರುವವನ ಗತ್ತಿನಲ್ಲಿ ಹೋದ. ಅಲ್ಲಿ ಅವನೂ ಹಾಗೆಯೇ ಕರೆದ. ಅದು ಬೆಳೆದು, ಕೊಂಬು ಬಂದು, ಗಂಡಾಗಿ ನಿಂತ ಮೇಲೂ ನಮ್ಮಿಬ್ಬರ ಸ್ವರಕ್ಕೆ ಮಾತ್ರ ಹತ್ತಿರ ಬರುತ್ತಿತ್ತು. ರಜೆಯ ದಿನ ಅರ್ಬಾಬರ ಮನೆಯವರೊಂದಿಗೆ ನಾನು ಮಜ್ರಾಕ್ಕೆ ಹೋದರೆ ಬೇಲಿಯ ಹತ್ತಿರ ಬಂದು ನನ್ನ ಶಾಲಿನ ತುದಿ ಜಗಿಯುತ್ತಿತ್ತು. "ನಿನ್ನ ಅಡಿಗೆಗಿಂತ ಅದೇ ರುಚಿ ಅಂತ ಕಾಣ್ತದೆ" ಎಂದು ತಮ್ಮ ಹೇಳುತ್ತಿದ್ದ.

ಚಳಿಗಾಲದಲ್ಲಿ ಆ ಮಜ್ರಾಕ್ಕೆ ಹೊರದೇಶದ ಅತಿಥಿಗಳು ಬರುತ್ತಿದ್ದರು. ಹಣ ಕೊಟ್ಟು ಒಂದು ಗಂಡು ಜಿಂಕೆಯನ್ನು ಆರಿಸುವುದು, ಗುಂಡು ಹೊಡೆಯುವುದು, ಕೊಂಬಿರುವ ತಲೆಯನ್ನು ಗೋಡೆಗೆ ತೂಗುಹಾಕಲು ಕೊಂಡುಹೋಗುವುದು. ಅದಕ್ಕೆ ಅನುಮತಿ ಏನು, ಹೇಗೆ ಎಂದು ನನಗೆ ಗೊತ್ತಿಲ್ಲ. ಕೇಳುವ ಜಾಗದಲ್ಲಿ ನಾನು ಇರಲಿಲ್ಲ. ಆ ದಿನಗಳಲ್ಲಿ ಅಡಿಗೆಗೆ ನನ್ನನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಉಳಿದ ಮಾಂಸ ಅಡಿಗೆ ಕೋಣೆಗೆ ಬರುತ್ತಿತ್ತು, ನಾನು ಅನ್ನದೊಂದಿಗೆ ಮಸಾಲೆ ಹಾಕಿ ಬೇಯಿಸಿ ಬಡಿಸುತ್ತಿದ್ದೆ. ನನಗೆ ಏನೂ ಅನಿಸುತ್ತಿರಲಿಲ್ಲ. ಕುರಿಯ ಮಾಂಸ ಬಂದಾಗಲೂ ಹಾಗೆಯೇ ಅಲ್ಲವೇ ಎಂದುಕೊಳ್ಳುತ್ತಿದ್ದೆ.

ತಮ್ಮ ಹಾಗಲ್ಲ. ಅತಿಥಿ ಬರುವ ವಾರ ಅವನು ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಒಮ್ಮೆ ನಾನು, ಕೋಳಿ ತಿನ್ನುವವನಿಗೆ ಇಷ್ಟೆಲ್ಲ ಯಾಕೆ ಎಂದು ಕೆಣಕಿದೆ.

"ಕೋಳಿ ತಿಂತೇನೆ. ಆದ್ರೆ ಕೋಳಿ ಕೊಯ್ಯುವವ ಕೋಳಿ ಕೊಯ್ದೆ ಅಂತ ಹೇಳ್ತಾನೆ ಅಕ್ಕ. ಬೇಟೆ ಆಡಿದೆ ಅಂತ ಮೀಸೆ ತಿರುಗಿಸುದಿಲ್ಲ. ನಾನು ಮೇವು ಹಾಕಿ ಹಾಕಿ ಹೆದರಿಕೆ ಬಿಡಿಸುದು, ಇವರು ಬಂದು ಹೊಡೆಯುದು. ಇದರಲ್ಲಿ ಬೇಟೆ ಎಲ್ಲಿ ಉಂಟು?"

ನಾನು ಒಲೆಯ ಕಡೆ ತಿರುಗಿದೆ.

ಆ ವರ್ಷ ಒಬ್ಬ ಅತಿಥಿ ಮೊದಲೇ ಬಂದು ನೋಡಿ ನಮ್ಮದನ್ನೇ ಆರಿಸಿದ. ಕೊಂಬು ಅಷ್ಟು ಚಂದ ಇತ್ತು. ತಮ್ಮ ಮಜ್ರಾದ ಮ್ಯಾನೇಜರನ ಬಳಿ ಹೋಗಿ, ಕೊಂಬು ವರ್ಷಕ್ಕೊಮ್ಮೆ ತಾನಾಗಿಯೇ ಬೀಳುತ್ತದೆ, ಬಿದ್ದ ಮೇಲೆ ತೊಳೆದು ಕೊಡುತ್ತೇನೆ, ಅದನ್ನೇ ಕೊಂಡುಹೋಗಲಿ ಎಂದನಂತೆ. ಮ್ಯಾನೇಜರ್ ಕೆಟ್ಟವನಲ್ಲ, ಆದರೆ ನಕ್ಕುಬಿಟ್ಟ. ಬಿದ್ದ ಕೊಂಬಿಗೆ ಯಾರಾದರೂ ವಿಮಾನ ಹತ್ತಿ ಬರುತ್ತಾರೆಯೇ ಎಂದ. ಹಾಗಾದರೆ ಬೇರೆ ಜಿಂಕೆ ತೋರಿಸಬಹುದಿತ್ತಲ್ಲ ಎಂದು ನಾನು ಫೋನಿನಲ್ಲಿ ತಮ್ಮನಿಗೆ ಹೇಳಿದೆ. ಅವನು, ಬೇರೆಯದಕ್ಕೂ ಮೇವು ಹಾಕಿದ್ದು ನಾನೇ ಅಲ್ಲವಾ ಎಂದ.

ಆಮೇಲೆ ಅವನೊಂದು ಉಪಾಯ ಮಾಡಿದ. ಅದನ್ನು ಕರೆಯುವುದು ನಿಲ್ಲಿಸಿದ. ಹತ್ತಿರ ಬಂದರೆ ಬೈದು ಓಡಿಸಿದ, ಕಾಲ ಬಳಿ ಬೀಳುವ ಹಾಗೆ ಕಲ್ಲು ಎಸೆದ. ಮನುಷ್ಯರ ಹೆದರಿಕೆ ಅದಕ್ಕೆ ಹೊಸದಾಗಿ ಕಲಿಸಬೇಕಿತ್ತು, ಬೇಟೆಯ ದಿನ ಮರಗಳ ಎಡೆಯಿಂದ ಹೊರಗೆ ಬಾರದಿದ್ದರೆ ಅತಿಥಿ ಬೇಸತ್ತು ವಾಪಸು ಹೋಗಬಹುದು ಎಂದು ಅವನ ಲೆಕ್ಕ. ನನಗೂ ಹೇಳಿದ: "ಅಕ್ಕ, ಆ ದಿನ ನೀನು ಅಡಿಗೆಗೆ ಬರ್ತಿ ಅಲ್ವಾ, ಅದರ ಹತ್ತಿರ ಹೋಗ್ಬೇಡ. ಸ್ವರ ಸಹ ಕೇಳಿಸ್ಬಾರ್ದು." ಆಯಿತು ಎಂದೆ.

ಆ ಬೆಳಿಗ್ಗೆ ಮ್ಯಾನೇಜರ್ ತಮ್ಮನನ್ನು ಮೇವು ತರಲು ದೂರದ ಮಾರ್ಕೆಟ್ಟಿಗೆ ಕಳಿಸಿದ. ಬೇಕೆಂದೇ ಕಳಿಸಿದ್ದು. ಅತಿಥಿ ಅರ್ಬಾಬ್ ಮತ್ತು ಅವರ ಸ್ನೇಹಿತರ ಜೊತೆ ನೀರಿನ ತೊಟ್ಟಿಯ ಎದುರು ಚಪ್ಪರದ ನೆರಳಿನಲ್ಲಿ ಬಂದೂಕು ಇಟ್ಟುಕೊಂಡು ಕೂತಿದ್ದ. ವಯಸ್ಸಾದ, ಮರ್ಯಾದೆಯ ಮನುಷ್ಯ. ನಾನು ಚಹಾ ಕೊಟ್ಟಾಗ ಎದ್ದು ನಿಂತು ತೆಗೆದುಕೊಂಡ. ಜಿಂಕೆ ಮಾತ್ರ ಗಾಫ್ ಮರಗಳ ಹಿಂದೆ ನಿಂತದ್ದು ನಿಂತೇ ಇತ್ತು. ಪಿಕಪ್ಪಿನ ಹಾರ್ನ್ ಬಾರಿಸಿದರು, ಬರಲಿಲ್ಲ. ಮೇವು ಸುರಿದರು, ಕತ್ತು ಚಾಚಿ ನೋಡಿ ಹಿಂದೆ ಸರಿಯಿತು. ಬಿಸಿಲು ಏರಿತು. ಅತಿಥಿ ಗಡಿಯಾರ ನೋಡಿದ. ತಮ್ಮ ಗೆಲ್ಲುತ್ತಿದ್ದಾನೆ ಎಂದು ನನಗೆ ಒಳಗೊಳಗೆ ಖುಷಿಯೂ ಆಗಿತ್ತು.

ಎರಡನೇ ಸಲ ಚಹಾ ತಂದಾಗ ಮ್ಯಾನೇಜರ್ ಹಿಂದಿಯಲ್ಲಿ, ಇದು ಇನ್ನು ಯಾರ ಮಾತೂ ಕೇಳುವುದಿಲ್ಲ, ನಿನ್ನದೂ ಕೇಳಲಿಕ್ಕಿಲ್ಲ ಅಲ್ಲವಾ ಎಂದ. ಹೆದರಿಸಲಿಲ್ಲ, ಆಜ್ಞೆಯನ್ನೂ ಮಾಡಲಿಲ್ಲ. ಹೌದು, ಕೇಳುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೆಲಸ ಹೋಗುತ್ತದೆಂದು ಹೆದರಿ ಕರೆದೆ ಎಂದು ಇಲ್ಲಿ ಬರೆಯಬಹುದು, ಓದುವವರು ಅಯ್ಯೋ ಪಾಪ ಎನ್ನಬಹುದು. ಅದು ಸುಳ್ಳು. ನನಗೆ ಹೆಮ್ಮೆ ಬಂತು. ದಿನವೂ ನೆಲ ಒರೆಸಿ ಪಾತ್ರೆ ತೊಳೆಯುವವಳನ್ನು ಅಷ್ಟು ಜನ ದೊಡ್ಡವರು ನೋಡುತ್ತಿದ್ದರು, ಅವರಿಗೆ ಯಾರಿಗೂ ಬಾರದ ಜಿಂಕೆ ನನಗೆ ಬರುತ್ತದೆ ಎಂದು ತೋರಿಸಬೇಕು ಅನಿಸಿತು. ಟ್ರೇ ಕೆಳಗಿಟ್ಟು "ಬಲ, ಬಲ" ಎಂದೆ.

ಅದು ಬಂತು. ಓಡಿ ಬರಲಿಲ್ಲ, ಸ್ವಲ್ಪ ಅನುಮಾನ ಮಾಡುತ್ತ, ನಿಂತು ನಿಂತು ಬಂತು. ನನ್ನ ಕಡೆಗೇ ಬರುತ್ತಿತ್ತು. ಅತಿಥಿ ಅದನ್ನು ನೋಡಿದ, ಯಾರ ಕರೆಗೆ ಬರುತ್ತಿದೆ ಎಂದೂ ನೋಡಿದ. ಆದರೂ ಹೊಡೆದ.

ಮಧ್ಯಾಹ್ನ ಊಟಕ್ಕೆ ಕೂತಾಗ, ಬೆಳಿಗ್ಗೆಯಿಂದ ಅಲುಗಾಡದೆ ಕಾದೆ, ಕೊನೆಗೂ ಹೊರಗೆ ಬಂತು ಎಂದು ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ನನಗೆ ಗೊತ್ತಿರುವ ಇಂಗ್ಲಿಷಿಗೆ ಅಷ್ಟು ತಿಳಿಯಿತು. ಕಾದದ್ದು ಸುಳ್ಳಲ್ಲ. ನನ್ನನ್ನು ಮಾತ್ರ ಕಥೆಯಿಂದ ಬಿಟ್ಟಿದ್ದ. ನನಗೂ ಅದೇ ಬೇಕಾಗಿತ್ತು.

ಸಂಜೆ ತಮ್ಮ ಮೇವಿನ ಪಿಕಪ್ ನಿಲ್ಲಿಸಿ, ತೊಟ್ಟಿಯ ಹತ್ತಿರದ ಮರಳು ನೋಡಿ, ಸೀದಾ ಅಡಿಗೆ ಕೋಣೆಗೆ ಬಂದ. ಹೇಗೆ ಹೊರಗೆ ಬಂತು ಎಂದು ಕೇಳಿದ. ನನಗೆ ಗೊತ್ತಿಲ್ಲ, ನಾನು ಇಲ್ಲೇ ಒಳಗಿದ್ದೆ ಎಂದೆ. ಅವನು ಬಾಗಿಲಲ್ಲೇ ಕೂತು, ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತ ಬಿಚ್ಚುತ್ತ ಇದ್ದ. ಆ ದಿನದ ಮಾಂಸ ನಾನು ಬೇಯಿಸಿ ಬಡಿಸಿದ್ದೆ. ಪಾತ್ರೆ ಇನ್ನೂ ಸಿಂಕಿನಲ್ಲಿತ್ತು.

ವೀಸಾ ಮುಗಿದ ಮೇಲೆ ಅವನು ಮಜ್ರಾ ಬಿಟ್ಟ. ಈಗ ದುಬೈಯ ಸತ್ವಾದಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ ಅಂಗಡಿಯಲ್ಲಿದ್ದಾನೆ. ಹಳೆಯ ವಿಲ್ಲಾದ ಒಂದು ಕೋಣೆಯನ್ನು ನಮ್ಮ ಕಡೆಯವರೊಂದಿಗೆ ಹಂಚಿಕೊಂಡಿದ್ದಾನೆ. ಫೋನ್ ಮೊದಲಿನ ಹಾಗೆಯೇ ಮಾಡುತ್ತಾನೆ, ತಮಾಷೆಯೂ ಮಾಡುತ್ತಾನೆ. ಮಜ್ರಾದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಎತ್ತದಿದ್ದರೆ ಮರೆತಂತೆ ಎಂದು ನಾನು ನಂಬಿಕೊಂಡಿದ್ದೆ.

ಮೊನ್ನೆ ಒಂದು ಭಾನುವಾರ ರಜೆ ಸಿಕ್ಕಿತು. ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನೂ ಅಕ್ಕಿಯ ಕಡುಬಿನಂಥ ಪುಂಡಿಯನ್ನೂ ಡಬ್ಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂತು ತಿಂದೆವು. ಉಪ್ಪು ಕಮ್ಮಿ, ಅರ್ಬಾಬರಿಗೆ ಬಿಪಿ ಶುರುವಾಗಿದೆಯಾ ಎಂದು ಕೇಳಿದ. ಹೇಳುತ್ತಲೇ ಎರಡನೇ ಸಲ ಬಡಿಸಿಕೊಂಡ. ಮೀನಿನ ವಾಸನೆಗೆ ಗೋಡೆಯ ಮೇಲಿಂದ ಒಂದು ಬೆಕ್ಕು ಇಳಿದು ಬಂತು. ಸಣ್ಣದು, ಸೊರಗಿದ್ದು. ಊರಿನಲ್ಲಿ ತನ್ನ ತಟ್ಟೆಯ ಮೀನನ್ನು ಬೆಕ್ಕಿಗೆ ಹಾಕಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದವನು ಅವನು. ಮುಳ್ಳು ಹಾಕುತ್ತಾನೆ ಎಂದು ನಾನು ನೋಡುತ್ತಿದ್ದೆ. ಅವನು ಕಾಲಿನ ಚಪ್ಪಲಿ ತೆಗೆದು ಬೀಸಿ ಹೊಡೆದ. ಬೆಕ್ಕಿನ ಪಕ್ಕೆಗೆ ತಾಗಿತು, ಕಿರುಚಿ ಓಡಿತು.

"ಎಂಥ ಮಾಡಿದೆ ನೀನು?" ಎಂದೆ.

"ಹೊಡೆಯುದಾದ್ರೆ ತಾಗುವ ಹಾಗೆ ಹೊಡೀಬೇಕು ಅಕ್ಕ. ಅಲ್ಲಿ ನಾನು ತಾಗದ ಹಾಗೆ ಕಲ್ಲು ಬಿಸಾಡಿದೆ. ಮನಸ್ಸು ಬರ್ಲಿಲ್ಲ. ಒಂದು ಕಲ್ಲು ಸರಿಯಾಗಿ ತಾಗಿದ್ರೆ ಅದು ಹೊರಗೆ ಬರ್ತಿರ್ಲಿಲ್ಲ. ಕೊಂದದ್ದು ನಾನೇ ಅಂತ ಲೆಕ್ಕ."

ಇಷ್ಟನ್ನು ಅವನು ಬಹಳ ಸಾಧಾರಣವಾಗಿ ಹೇಳಿದ. ಯಾವಾಗಲೋ ತೀರ್ಮಾನವಾದ ಸಂಗತಿಯನ್ನು ಹೇಳುವ ಹಾಗೆ. ಹೇಳಿ, ಬಟ್ಟಲಿನಲ್ಲಿ ಉಳಿದ ಸಾರಿಗೆ ಪುಂಡಿಯನ್ನು ಅದ್ದಿದ. ಮರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದವನು ಈಗ ಹಸಿದ ಬೆಕ್ಕಿಗೆ ಚಪ್ಪಲಿ ಎಸೆಯುವವನಾಗಿದ್ದ. ಜಿಂಕೆಯ ಸಾವಿನ ತಪ್ಪನ್ನು ನಾನು ಹೊರಿಸಲಿಲ್ಲ, ಅವನಾಗಿಯೇ ಹೊತ್ತುಕೊಂಡ. ಹೊರಲು ಬಿಟ್ಟದ್ದು ನಾನು. ಇನ್ನೊಂದು ದಿನ ಹೇಳೋಣ ಎಂದು ಎದ್ದು ಕೈ ತೊಳೆಯಲು ಹೋದೆ. ನಲ್ಲಿಯ ಹತ್ತಿರ ನಿಂತವಳು ನೀರು ಬಿಡದೆ ವಾಪಸು ಬಂದೆ. ಅಕ್ಕ ತಮ್ಮನಲ್ಲಿ ಕ್ಷಮೆ ಕೇಳುವ ಕ್ರಮ ನಮ್ಮಲ್ಲಿ ಇಲ್ಲ, ಆ ಮಾತು ನಾಲಿಗೆಗೆ ಅಭ್ಯಾಸವೂ ಇಲ್ಲ. ಮೀನಿನ ಕೈಯಲ್ಲೇ ಅವನ ಎದುರಿನ ಕುರ್ಚಿಯಲ್ಲಿ ಕೂತೆ.

"ನಿನ್ನ ಕಲ್ಲು ಸಾಕಾಗಿತ್ತು. ಅದು ಹೆದರಿತ್ತು, ಹಾರ್ನಿಗೆ ಬರ್ಲಿಲ್ಲ, ಮೇವಿಗೆ ಸಹ ಬರ್ಲಿಲ್ಲ. ನಾನು ಕರೆದೆ. ನೀನು ಬೇಡ ಅಂತ ಹೇಳಿದ್ರೂ ಕರೆದೆ. ಯಾರೂ ನನ್ನನ್ನು ಹೆದರಿಸ್ಲಿಲ್ಲ, ನನಗೆ ಬರ್ತದೆ ಅಂತ ಅವರಿಗೆ ತೋರಿಸ್ಬೇಕಿತ್ತು. ಆಮೇಲೆ ನಿನ್ನ ಹತ್ರ ಸುಳ್ಳು ಹೇಳಿದೆ, ಇಷ್ಟು ಸಮಯ ನೀನೇ ಕೊಂದದ್ದು ಅಂತ ತಿಳ್ಕೊಳ್ಳಿಕ್ಕೆ ಬಿಟ್ಟೆ. ನನ್ನದು ತಪ್ಪಾಯ್ತು ಮಗಾ. ನನ್ನನ್ನು ಕ್ಷಮಿಸು."