ಗುಂಡ್ಯದ ಮನೆಗೆ ನಾನು ಆರಿಸಿದ ಮೈಕ್

ಘಾಟಿ ಹತ್ತಲು ಗೇರ್ ಇಳಿಸುವ ಲಾರಿಯ ನರಳಾಟ — ಅದರಡಿಯಲ್ಲಿ ಎಲ್ಲೋ ನಿನ್ನ ಹಾಡು. ಹೆಡ್‌ಫೋನ್ ಹಾಕಿದರೆ ಈಗಲೂ ಮೊದಲು ಕೇಳುವುದು ಲಾರಿಯೇ, ಜುಬೈದಾ. ಅದನ್ನು ನಿನ್ನ ಹಾಡಿನೊಳಗೆ ಬಿಟ್ಟವಳು ನಾನು. ಗೊತ್ತಿದ್ದೂ ನಿನಗೆ ತಪ್ಪು ಮೈಕ್ ಹೇಳಿದೆ.

ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು ನಾವು. ಅರುವತ್ತೆಂಟನೆಯ ವಯಸ್ಸಿನಲ್ಲಿ ನಿನಗೊಂದು ಹಟ ಹುಟ್ಟಿತು — ನಿನ್ನ ಉಮ್ಮ ಹಾಡುತ್ತಿದ್ದ ಬ್ಯಾರಿ ಮದುವೆಹಾಡುಗಳು ನಿನ್ನೊಂದಿಗೇ ಮುಗಿಯಬಾರದು, ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಪುತ್ತೂರಿನ ನನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಮೈಕ್ ಎಲ್ಲ ಇದ್ದವಲ್ಲ, ನನ್ನನ್ನೇ ಕೇಳಿದೆ.

“ಎಂತ ಮೈಕ್ ತರಿಸುದು ಮಾರಾಯ್ತಿ? ಮಗಳು ಶಾರ್ಜಾದಿಂದ ಬರುವಾಗ ತರ್ತಾಳಂತೆ.”

ಗುಂಡ್ಯದಲ್ಲಿ ಹೈವೇ ಬದಿಯ ನಿನ್ನ ಮನೆಗೆ ಬೇಕಾದದ್ದು ಬಾಯಿಗೆ ಹತ್ತಿರ ಹಿಡಿದು ಹಾಡುವ ಡೈನಾಮಿಕ್ ಮೈಕ್. ಅದು ಹೊರಗಿನ ಗದ್ದಲವನ್ನು ಅಷ್ಟು ಎಳೆದುಕೊಳ್ಳುವುದಿಲ್ಲ. ಕಂಡೆನ್ಸರ್ ಮೈಕ್ ಸೊಳ್ಳೆಯ ಸದ್ದನ್ನೂ ಬಿಡುವುದಿಲ್ಲ. ಇಷ್ಟೂ ಗೊತ್ತಿತ್ತು.

“ಕಂಡೆನ್ಸರೇ ತಗೊ. ಬೆಸ್ಟ್,” ಎಂದೆ.

ಮೊದಲ ರೆಕಾರ್ಡಿಂಗ್ ಕೇಳಿಸಿ ನೀನು ನಕ್ಕೆ: “ನನಗೆ ಲಾರಿಯವರದ್ದೇ ಹಿಮ್ಮೇಳ ಉಂಟು ನೋಡು!” ಸಾಫ್ಟ್‌ವೇರಿನಲ್ಲಿ ನಾಯ್ಸ್ ತೆಗೆದೆವು — ನಿನ್ನ ಸ್ವರ ಕೊಡದೊಳಗಿಂದ ಬಂದಂತಾಯಿತು. ಆಗ ನಾನು, ಏನೂ ಅರಿಯದವಳಂತೆ, “ನನ್ನ ಕೋಣೆಗೇ ಬಾ” ಎಂದೆ.

ಅದೇ ಬೇಕಿತ್ತು ನನಗೆ. ಪಾಪ, ಒಂಟಿ ಮುದುಕಿ ಎಂದು ಯಾರೂ ಲೊಚಗುಟ್ಟಬೇಡಿ, ನನ್ನ ಮನೆತುಂಬ ಜನರಿದ್ದರು. ನನಗೆ ಇವಳು, ಈ ಜುಬೈದಾ, ಬೇಕಿತ್ತು. ಗುಂಡ್ಯದಲ್ಲೇ ರೆಕಾರ್ಡಿಂಗ್ ಸರಿಹೋದರೆ ಇವಳಿಗೆ ನಾನು ಯಾಕೆ — ಅಷ್ಟೇ. ಫುಲ್‌ಸ್ಟಾಪ್.

ಹೊರಗಿನ ಸದ್ದು ಬಾರದಂತೆ ಕಿಟಕಿಗೆ ರಜಾಯಿ ಕಟ್ಟಿ ನಾನು ಕಾದೆ. ನಾಲ್ಕು ಗುರುವಾರ ನೀನು ಬಸ್ಸಿನಲ್ಲಿ ಬಂದೆ. ನಿನಗೆ ಬರುತ್ತಿದ್ದ ನಲವತ್ತು ಹಾಡುಗಳಲ್ಲಿ ಮೂರು ಆದವು. ಆಮೇಲೆ ನಿನ್ನ ಮೊಣಕಾಲು ಬಸ್ಸು ಹತ್ತಲು ಬಿಡಲಿಲ್ಲ... ಆಮೇಲೆ ನೀನೇ ಇಲ್ಲ. ಮೂವತ್ತೇಳು ಹಾಡುಗಳು ನಿನ್ನೊಂದಿಗೇ ಹೋದವು.

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ಸಿಸ್ಟರ್ ಕಲಿಸಿದ್ದರು. ನನಗೆ ಹಗುರವಾಗುವುದು ಬೇಡ. ಆ ನಾಲ್ಕು ಗುರುವಾರಗಳನ್ನು ವಾಪಸು ಕೊಡು ಎಂದರೆ, ಸಾರಿ, ಈಗಲೂ ಕೊಡಲಾರೆ. ಆದರೆ ನೀನು ಹೇಳಿದ ಒಂದು ಮಾತಿದೆ.

ಕೊನೆಯ ಗುರುವಾರ, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ, ಮೈಕಿನ ಡಬ್ಬಿಯನ್ನು ನನ್ನ ಕೈಗಿಟ್ಟು ನೀನು ಹೇಳಿದೆ: “ನೀನೇ ಇಟ್ಕೊ. ಮೈಕ್ ಒಳ್ಳೇದೇ. ನನ್ನ ಸ್ವರವೇ ಸಾಲದು ಇದಕ್ಕೆ.”

ಕಂಡಕ್ಟರ್ ಸೀಟಿ ಊದಿದ. ಕಿಟಕಿಯಿಂದ ನೀನು ಕೈಬೀಸಿದೆ. ಸತ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು.

“ಮೊಣಕಾಲಿಗೆ ಎಣ್ಣೆ ಹಚ್ಚು,” ಎಂದು ಕೂಗಿದೆ.